ವೀಲ್‌ಚೇರ್, ಕ್ಯಾಲಿಪರ್, ಕೃತಕ ಕಾಲು: ಮೈಸೂರು-ಮಂಡ್ಯ ಕಡೆ ಮನೆಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ಕೆಲವು ಸ್ನೇಹಿತರು ಸೇರ್ಕೊಂಡು, ಓಡಾಡೋಕೆ ಸಾಮಾನು ಬೇಕಾಗಿರೋ ಮನೆಗಳನ್ನ ಸರ್ಕಾರಿ ಯೋಜನೆಗೋ, ಟ್ರಸ್ಟ್‌ಗೋ, ದಾನಿಗಳಿಗೋ ಸೇರಿಸೋ ಕೆಲಸ ಮಾಡ್ತಾ ಇದೀವಿ. ಫೋನಲ್ಲಿ, ವಾಟ್ಸಾಪಲ್ಲಿ, ಕ್ಯಾಂಪಿನ ಸಾಲಲ್ಲಿ ನಿಂತಾಗ ಜನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಲ್ಲೇ ಬರ್ದಿದೀವಿ. ನಿಮಗೆ ಬೇಕಾಗಿರೋದನ್ನ ಮಾತ್ರ ಓದ್ಕೊಂಡ್ರೂ ಸಾಕು.

ಶುರು ಮಾಡೋರಿಗೆ

ನಮ್ ಹುಡುಗಂಗೆ ವೀಲ್‌ಚೇರ್ ಬೇಕು, ಮೊದ್ಲು ಎಲ್ಲಿಗೆ ಓಗ್ಬೇಕು ಏಳಿ?

ಮೊದ್ಲು ದುಡ್ಡು ಕೊಡೋರ ಹತ್ರ ಹೋಗ್ಬೇಡಿ, ಫಿಜಿಯೋಥೆರಪಿಸ್ಟ್ ಹತ್ರ ಹೋಗಿ. ಹುಡುಗನಿಗೆ ಬೇಕಾಗಿರೋದು ವೀಲ್‌ಚೇರೋ, ವಾಕರೋ, ಕಾಲಿಗೆ ಆಸರೆಯಾಗಿ ಕಟ್ಟೋ ಕ್ಯಾಲಿಪರೋ ಅಂತ ಅವರು ನೋಡಿ, ಅಳತೆ ತಗೊಂಡು, ಒಂದು ಚೀಟೀಲಿ ಬರ್ಕೊಡ್ಲಿ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರಿ ದೊಡ್ಡಾಸ್ಪತ್ರೆಗಳೇ, ಅಲ್ಲಿ ಮೂಳೆ ವಿಭಾಗದಲ್ಲಿ ತೋರಿಸಿದ್ರೆ ಫಿಜಿಯೋ ಹತ್ರ ಕಳಿಸ್ತಾರೆ. ಆ ಚೀಟಿ ಕೈಲಿದ್ರೆ ಮುಂದೆ ಯಾರ ಹತ್ರ ಹೋದ್ರೂ ನಿಮ್ಮ ಮಾತಿಗೆ ತೂಕ ಬರುತ್ತೆ.

ಆಮೇಲೆ ನಿಮ್ಮ ಗ್ರಾಮ ಪಂಚಾಯ್ತಿಲಿ ವಿಆರ್‌ಡಬ್ಲ್ಯು, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ. ತಾಲೂಕಿಗೆ ಎಂಆರ್‌ಡಬ್ಲ್ಯು ಅಂತ ಒಬ್ರು, ಟೌನ್ ಕಡೆಯೋರಿಗೆ ಯುಆರ್‌ಡಬ್ಲ್ಯು ಅಂತ ಇರ್ತಾರೆ. ಇವರಲ್ಲಿ ಎಷ್ಟೋ ಜನ ಸ್ವತಃ ವಿಕಲಚೇತನರೇ, ಹಾಗಾಗಿ ಯಾವ ಅರ್ಜಿ ಯಾವಾಗ ಕರೀತಾರೆ, ಯಾವ ಕ್ಯಾಂಪ್ ಎಲ್ಲಿ ಅನ್ನೋದು ಅವರಿಗೆ ಗೊತ್ತಿರುತ್ತೆ. ಫೋನ್ ನಂಬರ್ ಇಸ್ಕೊಂಡು ಬನ್ನಿ, ಬರೀ ಹೆಸರು ಕೇಳ್ಕೊಂಡು ಬರ್ಬೇಡಿ.

ಯುಡಿಐಡಿ ಕಾರ್ಡ್ ಇಲ್ದೆ ಏನೂ ಸಿಗಲ್ವಾ ಸಾರ್?

ಸರ್ಕಾರದ ವಿಕಲಚೇತನರ ಯೋಜನೆಯಿಂದ ಆದ್ರೆ ಯುಡಿಐಡಿ, ಅಂದ್ರೆ ವಿಕಲಚೇತನರ ಗುರುತಿನ ಕಾರ್ಡು, ಅಥವಾ ಅಂಗವಿಕಲತೆ ಸರ್ಟಿಫಿಕೇಟು ಬೇಕೇ ಬೇಕು, 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇರ್ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ 21 ಬಗೆ ಅಂಗವಿಕಲತೆ ಇದೆ, ಪೋಲಿಯೋ, ಕೈಕಾಲು ಕಳ್ಕೊಂಡೋರು ಮಾತ್ರ ಅಲ್ಲ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಕೂಡ ಅದ್ರಲ್ಲಿ ಸೇರುತ್ತೆ, "ನಮ್ದು ಅದಕ್ಕೆ ಬರಲ್ಲ ಬಿಡಿ" ಅಂತ ಅರ್ಜಿನೇ ಹಾಕ್ದೆ ಇರೋರು ತುಂಬಾ ಜನ ಇದಾರೆ, ದಯವಿಟ್ಟು ಹಂಗೆ ಮಾಡ್ಬೇಡಿ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆ ಆರಿಸ್ಕೊಂಡು, ಅಲ್ಲಿ ಡಾಕ್ಟರ್ ಪರೀಕ್ಷೆಗೆ ಹೋಗ್ಬೇಕು. ಮೊಬೈಲಲ್ಲಿ ಹಾಕೋಕೆ ಗೊತ್ತಾಗ್ದಿದ್ರೆ ವಿಆರ್‌ಡಬ್ಲ್ಯು ಹತ್ರ ಹಾಕ್ಸಿ.

ಟ್ರಸ್ಟ್, ರೋಟರಿ, ಲಯನ್ಸ್ ಕಡೆಯೋರು ಸುಮಾರಾಗಿ ಡಾಕ್ಟರ್ ಚೀಟಿ ನೋಡಿಯೂ ಕೊಡ್ತಾರೆ. ಕಾರ್ಡ್ ಬರೋ ತನಕ ಮಗು ನೆಲದ ಮೇಲೆ ತೆವಳ್ತಾ ಇರಬೇಕು ಅಂತೇನಿಲ್ಲ, ಎರಡೂ ಕಡೆ ಒಟ್ಟಿಗೇ ಪ್ರಯತ್ನ ಮಾಡಿ.

ನಮ್ಮೆಜಮಾನ್ರು ದಾನ ತಗೊಳ್ಳೋದು ಬೇಡ, ಮರ್ಯಾದೆ ಹೋಗುತ್ತೆ ಅಂತಾರೆ, ಏನ್ ಮಾಡ್ಲಿ?

ಅವರ ಸಂಕಟ ನಮಗೆ ಅರ್ಥ ಆಗುತ್ತೆ. ಆದ್ರೆ ಸರ್ಕಾರಿ ಯೋಜನೇಲಿ ಬರೋದು ದಾನ ಅಲ್ಲ, ಕಾಯ್ದೆಯಿಂದ ಬಂದಿರೋ ಹಕ್ಕು. ಟ್ರಸ್ಟ್‌ನಿಂದ ತಗೊಳ್ಳೋದಾದ್ರೂ, ಫೋಟೋ ಬೇಡ, ಸ್ಟೇಜ್ ಮೇಲೆ ಹತ್ತಲ್ಲ ಅಂತ ಮೊದಲೇ ಹೇಳೋ ಸ್ವಾತಂತ್ರ್ಯ ನಿಮಗಿದೆ. ನಾವು ಸೇರಿಸೋ ದಾನಿಗಳಿಗೆ ಇದನ್ನ ಷರತ್ತಾಗಿಯೇ ಹೇಳಿಬಿಡ್ತೀವಿ. ಮಗನನ್ನ ಎತ್ಕೊಂಡು ಎತ್ಕೊಂಡು ತಾಯಿಯ ಸೊಂಟ ಬಿದ್ದುಹೋಗಿರೋ ಮನೆಗಳನ್ನ ನೋಡಿದೀವಿ, ಎಜಮಾನ್ರಿಗೆ ಆ ಕಡೆಯಿಂದ ಹೇಳಿ ನೋಡಿ.

ನಮ್ಮಜ್ಜಿಗೆ ಮಂಡಿ ಪೂರ್ತಿ ಹೋಗಿದೆ, ಆದ್ರೆ ಅಂಗವಿಕಲರು ಅಂತ ಸರ್ಟಿಫಿಕೇಟ್ ಇಲ್ಲ, ಅವರಿಗೇನಾದ್ರೂ ಇದೆಯಾ?

ಇದೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಅಂತ, 60 ವರ್ಷ ಆಗಿರೋ ಬಿಪಿಎಲ್ ಅಥವಾ ತಿಂಗಳಿಗೆ 15,000 ರೂಪಾಯಿ ಒಳಗೆ ಆದಾಯ ಇರೋ ಹಿರಿಯರಿಗೆ. ಊರುಗೋಲು, ವಾಕರ್, ವೀಲ್‌ಚೇರ್, ಕಿವಿ ಮೆಷಿನ್, ಹಲ್ಲಿನ ಸೆಟ್ ಎಲ್ಲಾ ಅದ್ರಲ್ಲಿ ಬರುತ್ತೆ. ಇದಕ್ಕೂ ಕ್ಯಾಂಪ್ ಮಾಡೇ ಕೊಡೋದು.

ದುಡ್ಡಿನ ವಿಚಾರ

ಸರ್ಕಾರದಿಂದ ಪೂರ್ತಿ ಫ್ರೀನಾ, ಅರ್ಧ ದುಡ್ಡು ಕಟ್ಬೇಕಾ?

ವಿಕಲಚೇತನರಿಗೆ ಇಂಥ ಸಾಮಾನು ಕೊಡೋ ಕೇಂದ್ರದ ಎಡಿಐಪಿ ಯೋಜನೆ ಅಂತ, 1981ರಿಂದ ಇದೆ. ಮನೆ ಆದಾಯ ತಿಂಗಳಿಗೆ 22,500 ರೂಪಾಯಿ ಒಳಗಿದ್ರೆ ಪೂರ್ತಿ ಬೆಲೆ ಸರ್ಕಾರದ್ದು, ಅದಕ್ಕಿಂತ ಜಾಸ್ತಿ 30,000ದ ಒಳಗಿದ್ರೆ ಅರ್ಧ ನಿಮ್ಮದು. ಸಾಮಾನು ತಯಾರಾಗೋದು ಬಹುಪಾಲು ಕಾನ್ಪುರದ ಅಲಿಮ್ಕೋದಲ್ಲಿ, ಅದು 1972ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಆದಾಯ ಪ್ರಮಾಣಪತ್ರ ನಾಡಕಚೇರೀಲಿ ಮಾಡಿಸ್ಕೊಳ್ಳಿ, ಐದು ವರ್ಷ ನಡೆಯುತ್ತೆ, ಬೇರೆ ಕೆಲಸಕ್ಕೂ ಆಗುತ್ತೆ.

ಒಂದು ಮುಖ್ಯವಾದ ಮಾತು, ಒಂದೇ ಬಗೆ ಸಾಮಾನನ್ನ ಮೂರು ವರ್ಷದೊಳಗೆ ಇನ್ನೊಂದ್ಸಲ ಕೊಡಲ್ಲ. ಅದಕ್ಕೇ ನಾವು ಅಳತೆ ಅಳತೆ ಅಂತ ಬಡ್ಕೊಳ್ಳೋದು, ಆಗದೇ ಇರೋ ಚೇರನ್ನ ಸುಮ್ನೆ ಸಹಿ ಹಾಕಿ ತಗೊಂಡ್ರೆ ಮೂರು ವರ್ಷ ಕಾಯ್ಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ಗಡುವು ಒಂದೇ ವರ್ಷ, ಬೆಳೀತಾರಲ್ಲ ಅದಕ್ಕೆ. ಇದು ಎಷ್ಟೋ ತಂದೆತಾಯಿಗೆ ಗೊತ್ತೇ ಇಲ್ಲ, ಹಳೇ ಚಿಕ್ಕ ಕ್ಯಾಲಿಪರ್‌ನಲ್ಲೇ ಮಗು ಕಾಲು ಒತ್ಕೊಂಡು ನಡೀತಾ ಇರುತ್ತೆ.

ಕ್ಯಾಂಪಲ್ಲಿ ಹೆಸರು ಬರ್ಸಿ ಆರು ತಿಂಗ್ಳಾಯ್ತು, ಇನ್ನೂ ಬಂದಿಲ್ಲ, ಮೋಸನಾ?

ಮೋಸ ಅಂತ ಹೇಳೋಕಾಗಲ್ಲ. ಕ್ಯಾಂಪು ಎರಡು ಸಲ ನಡೆಯುತ್ತೆ, ಮೊದಲನೇದು ತಪಾಸಣೆ ಮಾಡಿ ಅಳತೆ ಬರ್ಕೊಳ್ಳೋಕೆ, ಎರಡನೇದು ಹಂಚೋಕೆ, ನಡುವೆ ಸಾಮಾನು ತಯಾರಾಗಿ ಬರ್ಬೇಕು. ಮೊದಲನೇ ದಿನ ಕೊಟ್ಟ ಚೀಟಿಯನ್ನ ಕಳೀಬೇಡಿ, ಮೊಬೈಲಲ್ಲಿ ಫೋಟೋ ಹೊಡ್ಕೊಂಡಿರಿ. ಕೊಟ್ಟಿರೋ ಫೋನ್ ನಂಬರ್ ಬದಲಾಗಿದ್ರೆ ಹೋಗಿ ಹೇಳಿ, ಸಾಮಾನು ಬಂದಿದ್ರೂ ಫೋನ್ ಸಿಗ್ದೆ ಹಾಗೇ ಉಳಿದಿರೋದು ಉಂಟು.

ಪಂಚಾಯ್ತಿಲಿ ಕೇಳುದ್ರೆ ಫಂಡೇ ಇಲ್ಲ ಅಂತಾರಲ್ಲ?

ಸ್ಥಳೀಯ ಸಂಸ್ಥೆಗಳು ತಮ್ಮ ದುಡ್ಡಲ್ಲಿ 5 ಪರ್ಸೆಂಟ್ ವಿಕಲಚೇತನರಿಗೆ ಅಂತಲೇ ತೆಗೆದಿಡಬೇಕು ಅಂತ ಸರ್ಕಾರದ ಆದೇಶ ಇದೆ. ಸಣ್ಣ ಪಂಚಾಯ್ತಿಲಿ ಕಂದಾಯ ವಸೂಲಿನೇ ಕಮ್ಮಿ, ಹಾಗಾಗಿ ಆ 5 ಪರ್ಸೆಂಟೂ ಸಣ್ಣದೇ, ಇದು ನಿಜ. ಆದ್ರೂ ಬಾಯಲ್ಲಿ ಕೇಳಿ ಬಾಯಲ್ಲಿ ಉತ್ತರ ಇಸ್ಕೊಂಡು ಬರ್ಬೇಡಿ. ಪಿಡಿಒಗೆ ಅರ್ಜಿ ಬರ್ದು ಕೊಟ್ಟು ಸ್ವೀಕೃತಿ ಸೀಲ್ ಹಾಕ್ಸಿ, ಇಲ್ಲ ಅಂದ್ರೆ ಇಲ್ಲ ಅಂತ ಹಿಂಬರಹ ಕೊಡಿ ಅನ್ನಿ. ಹಿಂಬರಹ ಅಂದ ತಕ್ಷಣ ಸುಮಾರು ಕಡೆ ಮಾತಿನ ಧಾಟಿನೇ ಬದಲಾಗುತ್ತೆ. ಆ 5 ಪರ್ಸೆಂಟ್ ಎಲ್ಲಿಗೆ ಖರ್ಚಾಯ್ತು ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲೂ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು, ಬಿಪಿಎಲ್ ಆದ್ರೆ ಫೀಸೂ ಇಲ್ಲ. ಗ್ರಾಮಸಭೇಲಿ ನಾಲ್ಕು ಮನೆಯೋರು ಒಟ್ಟಿಗೆ ಎದ್ದು ನಿಂತು ಕೇಳೋದು ಇನ್ನೂ ಒಳ್ಳೇದು, ಜಗಳ ಮಾಡೋಕಲ್ಲ, ಸಭೆಯ ನಡಾವಳೀಲಿ ಬರಬೇಕು ಅಂತ.

ಟ್ರಸ್ಟ್‌ನೋರಿಗೆ ಅರ್ಜಿ ಹೆಂಗೆ ಬರೆಯೋದು? ನಮಗೆ ಬರೆಯಕ್ಕೆ ಬರಲ್ಲ

ಉದ್ದ ಬೇಡ, ಒಂದು ಪುಟ ಸಾಕು. "ನಾವು ಕಡುಬಡವರು, ತಾವು ದಯಮಾಡಿ" ಅಂತ ಅರ್ಧ ಪುಟ ಬರ್ದು ಏನು ಬೇಕು ಅನ್ನೋದನ್ನ ಕೊನೇಲಿ ಒಂದು ಸಾಲಲ್ಲಿ ಹಾಕಿರ್ತಾರೆ, ಅದನ್ನ ತಿರುಗಿಸಿ ಬರೀರಿ. ಮೊದಲನೇ ಸಾಲಲ್ಲೇ ಯಾರಿಗೆ, ಎಷ್ಟು ವಯಸ್ಸು, ಏನು ಸಾಮಾನು, ಯಾವ ಅಳತೆ, ಅಂಗಡಿಯೋರು ಕೊಟ್ಟ ಕೊಟೇಷನ್ ಎಷ್ಟು. ಎರಡನೇದು, ಸಿಕ್ಕಿದ್ರೆ ದಿನಾ ಏನು ಬದಲಾಗುತ್ತೆ, ಉದಾಹರಣೆಗೆ "ಶಾಲೆ ಒಂದು ಕಿಲೋಮೀಟರ್ ದೂರ, ಈಗ ಅವರಮ್ಮ ಎತ್ಕೊಂಡು ಹೋಗ್ತಾರೆ, ಮಗು ದೊಡ್ಡದಾದ್ದರಿಂದ ವಾರದಲ್ಲಿ ಎರಡು ದಿನ ಮಾತ್ರ ಆಗ್ತಿದೆ". ಮೂರನೇದು, ನೀವು ಈಗಾಗಲೇ ಎಲ್ಲೆಲ್ಲಿ ಕೇಳಿದೀರಿ, ನಿಮ್ಮ ಕೈಯಿಂದ ಎಷ್ಟು ಹಾಕ್ತೀರಿ, ಐನೂರಾದ್ರೂ ಪರವಾಗಿಲ್ಲ ಬರೀರಿ. ಜೊತೆಗೆ ಫಿಜಿಯೋ ಚೀಟಿ, ಕಾರ್ಡ್ ಜೆರಾಕ್ಸ್, ಆದಾಯ ಪತ್ರ, ಕೊಟೇಷನ್.

ನಂಜನಗೂಡು, ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗೆ ನೇರವಾಗಿ ಹೋಗಿ ಸಿಎಸ್‌ಆರ್ ದುಡ್ಡು ಕೇಳ್ಬಹುದಾ ಅಂತಾನೂ ಕೇಳ್ತಾರೆ. ದೊಡ್ಡ ಕಂಪನಿಗಳು ಲಾಭದಲ್ಲಿ 2 ಪರ್ಸೆಂಟ್ ಸಮಾಜದ ಕೆಲಸಕ್ಕೆ ಖರ್ಚು ಮಾಡ್ಬೇಕು ಅಂತ 2013ರ ಕಂಪನಿ ಕಾಯ್ದೇಲಿ ಇದೆ, ಆದ್ರೆ ಅದು ಸಾಮಾನ್ಯವಾಗಿ ನೋಂದಣಿ ಆಗಿರೋ ಸಂಸ್ಥೆಗಳ ಮೂಲಕ ಹೋಗುತ್ತೆ, ಒಂದು ಮನೆಗೆ ನೇರ ಬರೋದು ಅಪರೂಪ. ಹಾಗಾಗಿ ನಿಮ್ಮ ಅರ್ಜೀನ ಒಂದು ಸಂಸ್ಥೆ ಮೂಲಕವೇ ಕಳಿಸಿ.

ಯಾರೋ ಫೋನ್ ಮಾಡಿ ಬ್ಯಾಟರಿ ಗಾಡಿ ಸ್ಯಾಂಕ್ಷನ್ ಆಗಿದೆ, 3000 ಹಾಕಿ ಅಂತಿದಾರೆ, ಹಾಕ್ಲಾ?

ಹಾಕ್ಬೇಡಿ. ಯೋಜನೆಯಿಂದ ಸಾಮಾನು ಕೊಡೋರು ಫೋನ್‌ಪೇಗೆ ಮುಂಗಡ ಕೇಳಲ್ಲ, ಓಟಿಪಿಯನ್ನಂತೂ ಯಾರಿಗೂ ಹೇಳ್ಬೇಡಿ. ದುಡ್ಡು ಹೋಗಿಬಿಟ್ಟಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ವಾಪಸ್ ಬರೋದು ಕಷ್ಟ.

ಆನ್‌ಲೈನ್ ಫಂಡ್‌ರೈಸಿಂಗ್ ಮಾಡ್ತೀವಿ ಅನ್ನೋರಿಗೂ ಒಂದು ಮಾತು, ಮಾಡಿ, ತಪ್ಪಿಲ್ಲ, ಆದ್ರೆ ಮಗು ಅಳ್ತಾ ಇರೋ ಫೋಟೋ, ಬಟ್ಟೆ ಇಲ್ಲದ ಕಾಲಿನ ಫೋಟೋ ಹಾಕ್ಬೇಡಿ. ಆ ಫೋಟೋ ಮಗು ದೊಡ್ಡದಾದ ಮೇಲೂ ಇಂಟರ್ನೆಟ್‌ನಲ್ಲೇ ಇರುತ್ತೆ.

ಸಾಮಾನಿನ ವಿಚಾರ

ಎಲ್ಲಾ ವೀಲ್‌ಚೇರೂ ಒಂದೇ ತಾನೆ? ಆಸ್ಪತ್ರೇಲಿ ಇರೋ ಅಂತದ್ದೇ ಸಾಕಲ್ವಾ?

ಸಾಲಲ್ಲ, ಈ ಪಟ್ಟೀಲಿ ಬೇರೆ ಏನೂ ಓದ್ದೇ ಇದ್ರೂ ಇದನ್ನ ಓದಿ. ಆಸ್ಪತ್ರೆ ಚೇರು ವಾರ್ಡಿಂದ ಎಕ್ಸ್‌ರೇಗೆ ಕರ್ಕೊಂಡು ಹೋಗೋಕೆ ಮಾಡಿರೋದು, ಹತ್ತು ನಿಮಿಷ ಕೂರೋಕೆ. ಸೀಟು ಸಾಮಾನ್ಯವಾಗಿ 18 ಇಂಚು ಅಗಲ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಗಿರೋ ಸಣ್ಣ ಮೈಯಿನ ಒಬ್ಬರು ಅದ್ರಲ್ಲಿ ದಿನಾ ಎಂಟು ಗಂಟೆ ಕೂತ್ರೆ ಒಂದು ಕಡೆ ವಾಲ್ತಾರೆ, ಬೆನ್ನು ಸೊಟ್ಟ ಆಗುತ್ತೆ, ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗಲ್ಲವಾದ್ರಿಂದ ಕೂತ ಜಾಗದಲ್ಲಿ ಹುಣ್ಣಾದ್ರೂ ಗೊತ್ತಾಗಲ್ಲ. ಆ ಹುಣ್ಣು ಮೂಳೆ ತನಕ ಇಳಿದು, ನಂಜಾಗಿ, ಜೀವಕ್ಕೇ ಬಂದಿರೋದಿದೆ. ಒಳ್ಳೇ ಮನಸ್ಸಿಂದ ಕೊಟ್ಟ ಚೇರೇ ಹಿಂಗೆ ಮಾಡುತ್ತೆ ಅನ್ನೋದನ್ನ ದಾನಿಗಳು ನಂಬಲ್ಲ, ಆದ್ರೆ ಇದು ಸತ್ಯ.

ಮನೇಲೇ ನೋಡ್ಕೊಳ್ಳೋಕೆ ಸುಲಭದ ಗುರುತು ಹೇಳ್ತೀವಿ. ಕೂತಾಗ ಸೊಂಟಕ್ಕೂ ಚೇರಿನ ಪಕ್ಕಕ್ಕೂ ಮಧ್ಯೆ ಅಂಗೈ ಚಪ್ಪಟೆಯಾಗಿ ತೂರಿಸುವಷ್ಟು ಮಾತ್ರ ಜಾಗ ಇರ್ಬೇಕು, ಇನ್ನೊಂದು ಮಗು ಕೂರೋಷ್ಟಲ್ಲ. ಮಂಡಿ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು. ಪಾದ ಎರಡೂ ಫುಟ್‌ರೆಸ್ಟ್ ಮೇಲೆ ಪೂರ್ತಿ ಊರಿರ್ಬೇಕು, ತೊಡೆ ಸೀಟಿನ ಮೇಲೆ ಸಮವಾಗಿ ಇರ್ಬೇಕು. ಕೈ ಸುಮ್ನೆ ಇಳಿಬಿಟ್ರೆ ಚಕ್ರದ ನಡು ಗುಂಬದ ಹತ್ರ ಬೆರಳ ತುದಿ ಬರ್ಬೇಕು, ಆಗ ತಾವೇ ತಳ್ಕೊಳ್ಳೋಕಾಗುತ್ತೆ.

ಕುಷನ್ ಇಲ್ದೆ ಚೇರ್ ತಗೋಬೇಡಿ. ಸ್ಪರ್ಶ ಇಲ್ಲದೋರಿಗೆ ಚೇರಿನಷ್ಟೇ ಕುಷನ್ನೂ ಮುಖ್ಯ. ಕುಷನ್ ಇದ್ರೂ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ ಭಾರ ತಪ್ಪಿಸ್ಬೇಕು, ರಾತ್ರಿ ಮಲಗೋ ಮುಂಚೆ ಕೂತ ಜಾಗನ ಕನ್ನಡೀಲಿ ಅಥವಾ ಮನೆಯೋರ ಹತ್ರ ನೋಡಿಸ್ಬೇಕು, ಕೆಂಪಗಾಗಿ ಒತ್ತಿದ್ರೂ ಬಣ್ಣ ಹೋಗ್ತಿಲ್ಲ ಅಂದ್ರೆ ಆ ಜಾಗದ ಮೇಲೆ ಕೂರ್ಲೇಬಾರ್ದು, ಡಾಕ್ಟರಿಗೆ ತೋರಿಸ್ಬೇಕು.

ಮಗಳಿಗೆ ಸಿಪಿ, ಕುತ್ತಿಗೆ ನಿಲ್ಲಲ್ಲ, ಅವಳಿಗೆ ಯಾವ್ದು?

ಸಿಪಿ, ಅಂದ್ರೆ ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳಿಗೆ ತಲೆಗೆ, ಎದೆಗೆ, ಸೊಂಟಕ್ಕೆ ಆಸರೆ ಇರೋ ಸಿಪಿ ಚೇರ್ ಅಂತ ಬೇರೆನೇ ಬರುತ್ತೆ, ಎಡಿಐಪಿಯಲ್ಲೂ ಸಿಗುತ್ತೆ. ಸೊಂಟದ ಬೆಲ್ಟು ಮೊದಲು ಸರಿಯಾಗಿ ಕೂತ್ರೆ ಮಿಕ್ಕಿದ್ದು ತಾನಾಗೇ ಸುಲಭ ಆಗುತ್ತೆ. ಊಟ ಮಾಡ್ಸೋದು ಮಲಗಿಸ್ಕೊಂಡು ಅಲ್ಲ, ಇದ್ರಲ್ಲಿ ನೆಟ್ಟಗೆ ಕೂರಿಸಿ, ಅನ್ನ ಶ್ವಾಸಕ್ಕೆ ಹೋಗೋ ಭಯ ಕಮ್ಮಿ. ಕಾಲಿಗೆ ಹಾಕೋ ಪ್ಲಾಸ್ಟಿಕ್ ಸ್ಪ್ಲಿಂಟು ಬೆಳೆಯೋ ಮಗೂಗೆ ವರ್ಷದೊಳಗೇ ಚಿಕ್ಕದಾಗುತ್ತೆ, ಆ ಖರ್ಚು ಮತ್ತೆ ಮತ್ತೆ ಬರುತ್ತೆ ಅಂತ ಟ್ರಸ್ಟ್‌ಗೆ ಮೊದಲೇ ಹೇಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅಂತ ಆರೋಗ್ಯ ವಿಮೆ ಇದೆ, ಸಿಪಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರೋರಿಗೆ ವರ್ಷಕ್ಕೆ 1 ಲಕ್ಷದ ತನಕ, ಥೆರಪಿ ಖರ್ಚೂ ಅದ್ರಲ್ಲಿ ಸೇರುತ್ತೆ, ಅದನ್ನೂ ಮಾಡಿಸ್ಕೊಳ್ಳಿ.

ಶುಗರ್‌ಗೆ ನಮ್ಮಪ್ಪನ ಕಾಲು ತೆಗೆದ್ರು, ಜೈಪುರ ಕಾಲು ಹಾಕ್ಸಿದ್ರೆ ಗದ್ದೆಗೆ ಇಳೀಬಹುದಾ?

ಜೈಪುರ ಕಾಲು ಹುಟ್ಟಿದ್ದೇ ಅಂಥೋರಿಗೆ. 1968ರ ಹೊತ್ತಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತೆ ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದ್ದು, ಬರಿಗಾಲಲ್ಲಿ ನಡೀಬಹುದು, ಕುಕ್ಕರಗಾಲಲ್ಲಿ ಕೂರಬಹುದು, ನೀರು ಕೆಸರು ತಡೆಯುತ್ತೆ. 1975ರಿಂದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನ ಫ್ರೀಯಾಗೇ ಹಾಕ್ತಿದೆ, ಬೇರೆ ಬೇರೆ ಊರಲ್ಲಿ ಕ್ಯಾಂಪೂ ಮಾಡ್ತಾರೆ. ಬೆಂಗಳೂರಲ್ಲಿ 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ, 1959ರಿಂದ ಇರೋ ಎಪಿಡಿ, ಎರಡೂ ವಿಕಲಚೇತನರಿಗಾಗಿ ಇರೋ ಸಂಸ್ಥೆಗಳು, ಅವರ ಹತ್ರಾನೂ ಕೇಳಬಹುದು.

ಆದ್ರೆ ಆತುರ ಬೇಡ. ಗಾಯ ಪೂರ್ತಿ ಮಾಗಬೇಕು, ಊತ ಇಳೀಬೇಕು, ಅಲ್ಲೀ ತನಕ ಉಳಿದಿರೋ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತೋದನ್ನ ಫಿಜಿಯೋ ಹತ್ರ ಕಲೀರಿ. ಮಂಡಿ ಕೆಳಗೆ ದಿಂಬು ಇಟ್ಕೊಂಡು ಮಲಗ್ಬೇಡಿ ಅಂತ ಅಪ್ಪಂಗೆ ಹೇಳಿ, ಮಂಡಿ ಮಡಚ್ಕೊಂಡೇ ಬಿಗಿದುಬಿಟ್ರೆ ಆಮೇಲೆ ಕಾಲು ಕೂರಿಸೋದೇ ಕಷ್ಟ. ಶುಗರ್ ಇರೋದ್ರಿಂದ ಇನ್ನೊಂದು ಕಾಲಿನ ಪಾದನ ದಿನಾ ನೋಡ್ಬೇಕು. ಗದ್ದೆ ಬದುವಿನ ಮೇಲೆ ಮೊದಲ ದಿನಗಳಲ್ಲಿ ಒಬ್ಬರೇ ಓಡಾಡೋದು ಬೇಡ.

ಬ್ಯಾಟರಿ ಟ್ರೈಸಿಕಲ್ ಕೇಳ್ಲಾ, ಸೈಡ್ ವೀಲ್ ಸ್ಕೂಟರ್ ಕೇಳ್ಲಾ?

ಕೈಗಳಲ್ಲಿ ಬಲ ಚೆನ್ನಾಗಿದೆ, ದೂರ ಕೆಲಸಕ್ಕೆ ಹೋಗ್ಬೇಕು ಅಂದ್ರೆ ಸ್ಕೂಟರ್. ಇದನ್ನ ನಮ್ಮ ರಾಜ್ಯದ ವಿಕಲಚೇತನರ ಇಲಾಖೆ ಕೊಡುತ್ತೆ, ಶಾಸಕರ ನಿಧಿಯಿಂದಲೂ ಕೊಡ್ತಾರೆ, ಡಿಎಲ್ ಬೇಕಾಗುತ್ತೆ. ಎರಡೂ ಕಾಲಿನ ಜೊತೆ ಸೊಂಟದಲ್ಲೂ ಹಿಡಿತ ಇಲ್ಲ, ಊರೊಳಗೆ ಓಡಾಡಿದ್ರೆ ಸಾಕು ಅನ್ನೋರಿಗೆ ಟ್ರೈಸಿಕಲ್ಲು. ಎಡಿಐಪಿಯಲ್ಲಿ ಅದಕ್ಕೆ ಒಂದು ಮಿತಿ ತನಕ ಮಾತ್ರ ಬರುತ್ತೆ, ಮಿಕ್ಕಿದ್ದನ್ನ ಸಂಸದರ, ಶಾಸಕರ ನಿಧಿ ಅಥವಾ ದಾನಿಗಳಿಂದ ಹೊಂದಿಸ್ಬೇಕು. ಮೂರನೇ ದಾರೀನೂ ಇದೆ, 2021ರಲ್ಲಿ ಐಐಟಿ ಮದ್ರಾಸ್‌ನೋರು ನಿಯೋಬೋಲ್ಟ್ ಅಂತ ತಂದ್ರು, ಅವರದೇ ನಿಯೋಫ್ಲೈ ವೀಲ್‌ಚೇರಿನ ಮುಂದೆ ಸಿಕ್ಕಿಸೋ ಮೋಟಾರ್ ಚಕ್ರ, ಬಿಚ್ಚಿದ್ರೆ ಮನೆಯೊಳಗೆ ಮಾಮೂಲಿ ಚೇರು. ಬೆಲೆ ಜಾಸ್ತಿ, ಆದ್ರೆ ಕೆಲಸಕ್ಕೆ ಹೋಗೋ ಹುಡುಗ ಹುಡುಗೀರಿಗೆ ಟ್ರಸ್ಟ್‌ಗಳು ಇದಕ್ಕೆ ಸಹಾಯ ಮಾಡೋದುಂಟು.

ಸಾಮಾನು ಮನೆಗೆ ಬಂದ ಮೇಲೆ

ಚೇರ್ ಬಂತು, ಆದ್ರೆ ಹೊಸ್ತಿಲು ದಾಟಲ್ಲ, ಜಗಲಿ ಇಳಿಯಲ್ಲ

ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ, ಇದು ರ‍್ಯಾಂಪಿನ ಲೆಕ್ಕ. ಅರ್ಧ ಅಡಿ ಮೆಟ್ಟಿಲಿಗೆ ಆರಡಿ ಜಾರು ಬೇಕು, ಒಂದೂವರೆ ಅಡಿ ಜಗಲಿಗೆ ಹದಿನೆಂಟು ಅಡಿ. ನಮ್ಮ ಕೇರಿಗಳಲ್ಲಿ ಅಷ್ಟು ಜಾಗ ಎಲ್ಲಿ ಬರ್ಬೇಕು, ಅದಕ್ಕೆ ಗೋಡೆ ಉದ್ದಕ್ಕೂ ತಿರುಗಿಸಿ ಕಟ್ಟಬಹುದು, ತಿರುವಲ್ಲಿ ಚೇರ್ ತಿರುಗೋಷ್ಟು ಸಮತಟ್ಟು ಬಿಡಿ. ಟೈಲ್ಸ್ ಹಾಕ್ಬೇಡಿ, ಮಳೇಲಿ ಜಾರುತ್ತೆ, ಗೀರು ಹೊಡ್ದಿರೋ ಸಿಮೆಂಟೇ ಒಳ್ಳೇದು. ಮರದ ಹೊಸ್ತಿಲನ್ನ ಪೂಜೆ ಮಾಡೋರು ಕೀಳೋಕೆ ಒಪ್ಪಲ್ಲ, ಕೀಳೋದೂ ಬೇಡ, ಎರಡೂ ಕಡೆ ಹಲಗೆ ಇಳಿಜಾರು ಇಟ್ರೆ ಆಯ್ತು. ಬಾಗಿಲು, ಬಚ್ಚಲು, ಕಕ್ಕಸಿನ ಅಗಲ ಎಲ್ಲಾ ಅರ್ಜಿ ಹಾಕೋ ಮುಂಚೆ ಅಳೀರಿ, ಚೇರ್ ಬಂದಮೇಲಲ್ಲ.

ಕೆಟ್ಟೋದ್ರೆ ಯಾರು ರಿಪೇರಿ ಮಾಡ್ತಾರೆ?

ಟೈರು, ಟ್ಯೂಬು, ಬ್ರೇಕು, ಕಡ್ಡಿ ಇವನ್ನೆಲ್ಲಾ ನಿಮ್ಮೂರ ಸೈಕಲ್ ಶಾಪಿನೋನೇ ಮಾಡ್ತಾನೆ. ಮುಂದಿನ ಸಣ್ಣ ಚಕ್ರಕ್ಕೆ ಸುತ್ಕೊಂಡಿರೋ ಕೂದಲು, ದಾರ ತೆಗೀತಾ ಇರಿ, ಮಣ್ಣಿನ ರಸ್ತೇಲಿ ಓಡಿದ್ಮೇಲೆ ಒರೆಸಿ. ಬ್ಯಾಟರಿ ಗಾಡಿಯನ್ನ ಚಾರ್ಜ್ ಖಾಲಿಯಾಗಿ ವಾರಗಟ್ಟಲೆ ನಿಲ್ಲಿಸ್ಬೇಡಿ, ಬ್ಯಾಟರಿ ಸತ್ತೋಗುತ್ತೆ, ಓಡಿಸ್ದೇ ಇದ್ರೂ ಚಾರ್ಜ್ ಮಾಡ್ತಿರಿ. ಕೊಡೋರ ಹತ್ರ ವಾರಂಟಿ ಕಾರ್ಡು, ಸರ್ವಿಸ್ ನಂಬರು ಅವತ್ತೇ ಇಸ್ಕೊಳ್ಳಿ.

ನಮ್ಮ ತಂದೆ ತೀರಿಹೋದ್ರು, ಅವರ ವೀಲ್‌ಚೇರ್ ಯಾರಿಗಾದ್ರೂ ಕೊಡಬಹುದಾ?

ಖಂಡಿತ. ಸೀಟಿನ ಅಗಲ ಅಳೆದು, ನಾಲ್ಕು ಕಡೆಯಿಂದ ಫೋಟೋ ತೆಗೆದು, ಏನು ಕೆಟ್ಟಿದೆ ಅನ್ನೋದನ್ನೂ ಹೇಳಿ ಕೊಡಿ. ಕುಷನ್ ಮಾತ್ರ ಹೊಸದೇ ಬೇಕು. ಕ್ಯಾಲಿಪರ್, ಸ್ಪ್ಲಿಂಟ್, ಕೃತಕ ಕಾಲು ಒಬ್ಬರ ಅಳತೆಗೆ ಮಾಡಿರೋದು, ಇನ್ನೊಬ್ಬರಿಗೆ ಹಾಕೋಕಾಗಲ್ಲ.

ಮಗನ ಹುಟ್ಟುಹಬ್ಬಕ್ಕೆ ಹತ್ತು ವೀಲ್‌ಚೇರ್ ಹಂಚಬೇಕು ಅಂತಿದೀವಿ, ಪಟ್ಟಿ ಕೊಡ್ತೀರಾ?

ನಿಮ್ಮ ಮನಸ್ಸು ದೊಡ್ಡದು, ಆದ್ರೆ ಒಂದೇ ಸೈಜಿನ ಹತ್ತು ಚೇರ್ ಬೇಡ. ಅದೇ ದುಡ್ಡಲ್ಲಿ ಮೂರು ಜನಕ್ಕೆ ಅಳತೆ ನೋಡಿ, ಕುಷನ್ ಸಮೇತ, ಒಂದು ವರ್ಷದ ರಿಪೇರಿ ಖರ್ಚು ಸೇರಿಸಿ ಕೊಡಿ. ಅಥವಾ ಒಂದು ಮನೆಗೆ ರ‍್ಯಾಂಪ್ ಕಟ್ಟಿಸಿ, ಒಂದು ಮಗೂಗೆ ಬೆಳೆಯೋ ತನಕ ವರ್ಷಕ್ಕೊಂದು ಸ್ಪ್ಲಿಂಟ್ ವಹಿಸ್ಕೊಳ್ಳಿ, ಅಂಥ ದಾನಿಗಳು ನಮಗೆ ಸಿಗೋದೇ ಕಷ್ಟ. ತೆರಿಗೆ ರಿಯಾಯಿತಿ ಬೇಕು ಅಂದ್ರೆ 80ಜಿ ಅಂತ ಕರೆಯೋ ನೋಂದಣಿ ಇರೋ ಸಂಸ್ಥೆಗೆ ಚೆಕ್ಕು ಅಥವಾ ಆನ್‌ಲೈನಲ್ಲಿ ಕೊಡಿ, ನಗದು 2000 ರೂಪಾಯಿ ಮೀರಿದ್ರೆ ರಿಯಾಯಿತಿ ಬರಲ್ಲ. ಮೂರು ತಿಂಗಳು ಬಿಟ್ಟು ಆ ಮನೆಗಳಿಗೆ ಒಂದ್ಸಲ ಹೋಗಿ, ಚೇರಿನಲ್ಲಿ ಜನ ಕೂತಿದಾರಾ, ಇಲ್ಲ ಮೂಲೇಲಿ ಅದರ ಮೇಲೆ ಬಟ್ಟೆ ಒಣಗ್ತಿದೆಯಾ ನೋಡಿ. ಮೂಲೇಲಿದ್ರೆ ಯಾಕೆ ಅಂತ ಮನೆಯೋರನ್ನೇ ಕೇಳಿ ನಮಗೆ ತಿಳಿಸಿ, ಫಿಜಿಯೋನ ಕರ್ಕೊಂಡು ಬರ್ತೀವಿ.